ಅವ್ವನ ಹೂಂ

ಅಕ್ಸ್‌ಬ್ರಿಡ್ಜ್ ಕೊನೆಯ ನಿಲ್ದಾಣವಾದ್ದರಿಂದ ಟ್ಯೂಬ್ ರೈಲಿನ ಬಾಗಿಲು ತೆರೆದುಕೊಂಡೇ ನಿಂತಿತ್ತು. ಜರ್ಮನ್ ತರಗತಿಗೆ ಹೊರಟಿದ್ದ ನಾನು ಸೀಟಿನಲ್ಲಿ ಕೂತು, ಪಾಠ ಒಪ್ಪಿಸಿ ನೋಡಲು ಧಾರವಾಡದ ಅವ್ವನಿಗೆ ವಿಡಿಯೊ ಕಾಲ್ ಮಾಡಿದೆ. ಇಲ್ಲಿ ನನ್ನ ಹರಕುಮುರುಕು ಜರ್ಮನ್ ಕೇಳುವವರು ಯಾರೂ ಇಲ್ಲ.

"ನನಗೇನೂ ತಿಳಿಯೂದಿಲ್ಲ. ನೀ ಹೇಳಕೋತ ಹೋಗವಾ, ನಾ ಹೂಂ ಅಂತೀನಿ" ಎಂದಳು ಅವ್ವ, ಮೆಂತ್ಯದ ಸೊಪ್ಪು ಸೋಸುತ್ತ. ಚಿಕ್ಕಂದಿನಲ್ಲಿ ಅವಳ ಕಥೆಗಳಿಗೆ ಹೂಂಗುಟ್ಟುತ್ತಿದ್ದವಳು ನಾನು.

ನನ್ನ ಹೆಸರು ಹೇಳಿದೆ. ಹೂಂ ಅಂದಳು. ಬ್ರೆಡ್ಡು ಕೊಂಡೆ ಎಂದೆ. ಅದಕ್ಕೂ ಹೂಂ. ಹೇಗೂ ತಿಳಿಯುವುದಿಲ್ಲವೆಂಬ ಧೈರ್ಯದ ಮೇಲೆ, ಕನ್ನಡದಲ್ಲಿ ಈವರೆಗೆ ಹೇಳದ ಮಾತನ್ನೂ ಪಾಠ ಒಪ್ಪಿಸುವ ದನಿಯಲ್ಲೇ ಜರ್ಮನ್‌ನಲ್ಲಿ ಹೇಳಿಬಿಟ್ಟೆ: ನನಗೆ ಮನೆಗೆ ಬರಬೇಕು ಅನಿಸುತ್ತದೆ.

ಸೊಪ್ಪು ಸೋಸುತ್ತಿದ್ದ ಕೈ ನಿಂತಿತು. ಅವ್ವ ಹೂಂ ಅನ್ನಲಿಲ್ಲ.