ಪರವಾ ಮುಗಿದ ಪಾಸಿಂಗ್

ಟೆಂಪೋ ನನ್ನ ಕೈಗೆ ಬಂದ ವರ್ಷವೇ ಅದರ ಪಾಸಿಂಗೂ ಬಂತು. ಸರಕಾರಿ ಕಾಗದದಲ್ಲಿ ಅದಕ್ಕೆ ಫಿಟ್‌ನೆಸ್ ಎಂದು ಹೆಸರು. ಇಚಲಕರಂಜಿಯಲ್ಲಿ ಫಿಟ್‌ನೆಸ್ ಎಲ್ಲಿ ಎಂದು ಕೇಳಿದರೆ ತಾಲೀಮಿನ, ಎಂದರೆ ಗರಡಿಮನೆಯ, ದಾರಿ ತೋರಿಸುತ್ತಾರೆ. ನಮಗೆ ಅದು ಪಾಸಿಂಗ್. ಬಾಡಿಗೆಗೆ ಓಡುವ ಗಾಡಿಯನ್ನು ಕೊಲ್ಹಾಪುರಕ್ಕೆ ಒಯ್ದು ಬ್ರೇಕು, ದೀಪ, ಹಾರ್ನು ತೋರಿಸಿ, ಇದು ರಸ್ತೆಗೆ ಇಳಿಯಬಹುದು ಎಂದು ಬರೆಸಿಕೊಂಡು ಬರಬೇಕು. ಶಾಲೆಯಲ್ಲಿ ನಾನು ಪಾಸಾದಾಗಲೂ ಇಷ್ಟು ಸಡಗರ ಆಗಿರಲಿಲ್ಲ.

ಗಾಡಿ ಮೊದಲು ಮಾವನವರದು. ಅದರಲ್ಲಿ ಅವರು ಬೀಮು ಸಾಗಿಸುತ್ತಿದ್ದರು. ಬೀಮು ಎಂದರೆ ಹಾಸುನೂಲು ಸುತ್ತಿದ ಕಬ್ಬಿಣದ ದೊಡ್ಡ ಉರುಳೆ. ಸೈಜಿಂಗ್ ಕಾರ್ಖಾನೆಯಲ್ಲಿ ಗಂಜಿ ಹಾಕಿಸಿಕೊಂಡು ಅದು ಮಗ್ಗದ ಮನೆಗಳಿಗೆ ಹೋಗಬೇಕು. ಮಂಡಿನೋವು ಹೆಚ್ಚಾಗಿ ಕ್ಲಚ್ ಒತ್ತಲು ಆಗದಾದಾಗ ಮಾವನವರು ಕೀಲಿ ತಂದು ನನ್ನ ಮುಂದೆ ಇಟ್ಟರು. ಅವರ ಮಗನಿಗೆ, ಎಂದರೆ ನನ್ನ ಗಂಡನಿಗೆ, ಮಗ್ಗ ಬಿಟ್ಟರೆ ಬೇರೆ ಲೋಕ ಬೇಡ. ನಾನೋ ಗಡಹಿಂಗ್ಲಜದ ತವರಿನಲ್ಲಿ ಅಣ್ಣನ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು. ಲೈಸೆನ್ಸ್ ತೆಗೆಸಿದೆ, ಸೆರಗು ಸಿಕ್ಕಿಸಿದೆ, ಕೂತೆ.

ಕೆಲಸವೂ ಎದುರಿಗೇ ಇತ್ತು. ಯಡ್ರಾವದಲ್ಲಿ ಸೈಜಿಂಗ್ ನಡೆಸುವ ಸಾವ್ಕಾರರು, ಮನೆಯಲ್ಲಿ ಕನ್ನಡ ಆಡುವ ಜೈನರು, ಮಾವನವರ ಹಳೆಯ ಗಿರಾಕಿ. ನನ್ನನ್ನು ಮೇಲಿಂದ ಕೆಳಗೆ ನೋಡಿ ಹೇಳಿದ್ದರು: "ಶುಕ್ರವಾರ ಸಂಜೀಕ ಪಾಸಿಂಗ್ ಕಾಗದಾ ತೋರಸ ತಂಗಿ. ಶನಿವಾರದಿಂದ ಬೀಮ್ ನಿನ್ನ ಗಾಡಿಗೆ. ಇಲ್ಲಂದ್ರ ಇನ್ನೊಬ್ಬಾಂವ ಬಾಗಲದಾಗ ನಿಂತಾನ." ಆ ಇನ್ನೊಬ್ಬ ನಿಜವಾಗಿಯೂ ಬಾಗಿಲಲ್ಲೇ ನಿಂತಿದ್ದ, ಹೊಸ ಗಾಡಿಗೆ ಒರಗಿಕೊಂಡು. ಅವನನ್ನು ಕಂಡರೆ ನನಗೆ ಉರಿಯುತ್ತಿತ್ತು.

ಕಾಗದಗಳನ್ನೆಲ್ಲ ಆನ್‌ಲೈನ್ ಅಂಗಡಿಯವನಿಗೆ ಕೊಟ್ಟಿದ್ದೆ. ಅರ್ಜಿ ತುಂಬುವುದು, ಕೊಲ್ಹಾಪುರದ ತಾರೀಖು ಹಿಡಿಯುವುದು ಅವನ ಕೆಲಸ. ಬುಧವಾರ ಅವನ ಫೋನು ಬಂದಾಗ ನನ್ನ ಕೈ ಹಿಟ್ಟಿನಲ್ಲಿತ್ತು. ಮಾವನವರು ಎತ್ತಿಕೊಂಡು ಮರಾಠಿಯಲ್ಲಿ ಹೂಂ ಹೂಂ ಎಂದು ಇಟ್ಟರು.

"ಏನಂದ್ರಿ ಮಾವಾರ?"

"ಶುಕ್ರವಾರ ಮಧ್ಯಾಹ್ನ ಕೊಲ್ಹಾಪುರಕ್ಕ ಕರದಾರ. ಪಾಸಿಂಗ್ ಪರವಾ ಅಂತ."

ಈ ‘ಪರವಾ’ ಎಂಬ ಮರಾಠಿ ಶಬ್ದ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಕನ್ನಡದಲ್ಲಿ ಮೊನ್ನೆ ಎಂದರೆ ಮೊನ್ನೆ, ನಾಡಿದ್ದು ಎಂದರೆ ನಾಡಿದ್ದು. ಮರಾಠಿಯಲ್ಲಿ ಎರಡಕ್ಕೂ ಪರವಾ ಒಂದೇ. ‘ಪರವಾ ಸಂಪಲಂ’ ಎಂದರೆ ಮೊನ್ನೆ ಮುಗಿಯಿತು, ‘ಪರವಾ ಸಂಪೇಲ’ ಎಂದರೆ ನಾಡಿದ್ದು ಮುಗಿಯುತ್ತದೆ. ಬಾಲದಲ್ಲಿರುವ ಕ್ರಿಯಾಪದವೇ ಎಲ್ಲ. ಮಾವನವರು ಮಾತಿನ ಬಾಲ ಕತ್ತರಿಸಿಯೇ ಮನೆಗೆ ತರುವವರು. ಹಳೆಯ ಪಾಸಿಂಗ್ ಮುಗಿಯುವುದು ನಾಡಿದ್ದು ಶುಕ್ರವಾರ, ಕರೆದದ್ದೂ ಶುಕ್ರವಾರ. ಎಷ್ಟು ಚಂದ ಕೂಡಿ ಬಂತು ಎಂದು ನಾನು ಹಿಗ್ಗಿದೆ.

ಆ ಎರಡು ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ. ಬ್ರೇಕಿಗೆ ಹೊಸ ಲೈನಿಂಗ್ ಹಾಕಿಸಿದೆ, ವೈರಿಂಗ್ ಮಾಡಿಸಿದೆ, ಕೆಂಪು ಬಿಳಿ ಹೊಳೆಯುವ ಪಟ್ಟಿ ಅಂಟಿಸಿದೆ, ಮುಂದಿನ ಬಂಪರಿಗೆ ಹಳದಿ ಬಣ್ಣ ಬಳಿಸಿದೆ. ಪಾಸಿಂಗ್ ಎಂಬ ಶಬ್ದ ಬಾಯಿಂದ ಬಿದ್ದರೆ ಸಾಕು, ಇಚಲಕರಂಜಿಯಲ್ಲಿ ನಟ್ಟು ಬೋಲ್ಟಿನ ದರವೂ ಏರುತ್ತದೆ. ಬಣ್ಣದವನು "ಪಾಸಿಂಗಿಗೆ ಏನ್ರಿ ಅಕ್ಕಾರ?" ಎಂದು ಕೇಳಿದಾಗ "ಇಲ್ಲಪಾ, ದೀಪಾವಳಿಗೆ" ಎಂದೆ. ದೀಪಾವಳಿ ಇನ್ನೂ ಎಲ್ಲಿತ್ತೋ! ಅವನು ನಕ್ಕ, ಪಾಸಿಂಗಿನ ದರವನ್ನೇ ತೆಗೆದುಕೊಂಡ. ಸರಕಾರದ ಫೀ ಒಂದು ಪಾಲಾದರೆ, ಫೀ ಕಟ್ಟುವ ಜಾಗಕ್ಕೆ ಗಾಡಿಯನ್ನು ಒಯ್ದು ನಿಲ್ಲಿಸುವ ಖರ್ಚು ಅದರ ಹಲವು ಪಟ್ಟು.

ಶುಕ್ರವಾರ ಮುಂಜಾನೆ ಆನ್‌ಲೈನ್ ಅಂಗಡಿಗೆ ಓಡಿದೆ. ಅವನು ಕಾಗದ ಕೊಡುತ್ತ, ದಿನಕ್ಕಿಷ್ಟರಂತೆ ದಂಡವನ್ನೂ ಕಟ್ಟಬೇಕು ಎಂದ.

ಎಂಥ ದಂಡ?

"ಕಾಕಾಂನಾ ಸಾಂಗಿತಲಂ ಹೋತಂ ಕೀ, ಪರವಾ ಸಂಪಲಂ ಮ್ಹಣೂನ." ಫೋನ್ ಎತ್ತಿದ ಕಾಕಾಗೆ ಹೇಳಿದ್ದೆನಲ್ಲ, ಮೊನ್ನೆಯೇ ಮುಗಿದಿದೆ ಅಂತ.

ಬುಧವಾರ ಹೇಳಿದ ಮೊನ್ನೆ ಎಂದರೆ, ಮುಗಿದದ್ದು ಸೋಮವಾರ! ನಾನು ಬುಧವಾರವೂ ಗುರುವಾರವೂ ಊರ ತುಂಬ ಗಾಡಿ ಓಡಿಸಿದ್ದೆ, ಪೊಲೀಸರ ಮುಂದೆಯೇ, ಹಾರ್ನ್ ಬಾರಿಸುತ್ತ. ನೆನೆಸಿಕೊಂಡು ಹೆದರಿದೆ, ಒಳಗೊಳಗೆ ನಗುವೂ ಬಂತು. ಆದರೆ ಈಗ ಗೊತ್ತಾಗಿಬಿಟ್ಟಿತ್ತು. ಪಾಸಿಂಗ್ ಮುಗಿದ ಗಾಡಿ ರಸ್ತೆಯಲ್ಲಿ ಸಿಕ್ಕಿಬಿದ್ದರೆ ಆಗುವ ದಂಡದ ಮುಂದೆ ಈ ದಿನದಿನದ ದಂಡ ಏನೂ ಅಲ್ಲ. ಹಾಗೆಂದು ಮನೆಯಲ್ಲಿ ನಿಲ್ಲಿಸಿದರೆ ಕೊಲ್ಹಾಪುರದ ತಾರೀಖು ಹೋಯಿತು, ಯಡ್ರಾವದ ಬೀಮೂ ಹೋದವು.

ಅಂಗಳಕ್ಕೆ ಬಂದು ಕೂಗಾಡಿದೆ. ಮಾವನವರು ಶಾಂತವಾಗಿ ಕೇಳಿಸಿಕೊಂಡರು. ತಪ್ಪಾಯಿತು ಎನ್ನಲಿಲ್ಲ, ಹಗ್ಗ ತಂದರು.

"ಎಂಜಿನ್ ಚಾಲೂ ಇದ್ರ ಗಾಡಿ. ಚಾಲೂ ಇಲ್ಲಂದ್ರ ಅದು ಸಾಮಾನು. ಸಾಮಾನಿಗೆ ಯಾವ ಪಾಸಿಂಗವಾ?"

ಈ ಕಾಯ್ದೆ ಯಾವ ಪುಸ್ತಕದಲ್ಲಿದೆ ಎಂದು ಕೇಳುವಷ್ಟು ಪುರುಸೊತ್ತು ಇರಲಿಲ್ಲ. ಓಣಿಯ ಪಿಕಪ್ಪಿನವನು ತರಕಾರಿ ತರಲು ಕೊಲ್ಹಾಪುರಕ್ಕೆ ಹೊರಟಿದ್ದ. ಡೀಸೆಲ್ಲಿಗೆ ಕೈಬಿಚ್ಚಿ ಕೊಟ್ಟು, ಅವನ ಹಿಂದೆ ನಮ್ಮ ಟೆಂಪೋ ಕಟ್ಟಿಸಿದೆವು. ಸ್ಟೀರಿಂಗಿಗೆ ನಾನು, ಪಕ್ಕದಲ್ಲಿ ಮಾವನವರು. ಎಂಜಿನ್ ಇಲ್ಲದೆ ಅಷ್ಟು ವೇಗದಲ್ಲಿ ಹೋಗುವುದು ಎಂಥ ಮಜಾ! ಹಗ್ಗ ಬಿಗಿಯಾದಾಗ ಜಗ್ಗುತ್ತಿತ್ತು, ಸಡಿಲವಾದಾಗ ಪಿಕಪ್ಪಿನ ಬೆನ್ನು ಎದೆಗೇ ಬರುತ್ತಿತ್ತು. ಹೆದರಿಕೆಗೆ ಕಿರುಚಬೇಕೋ ಖುಷಿಗೆ ಕಿರುಚಬೇಕೋ ತಿಳಿಯದೆ ಎರಡಕ್ಕೂ ಸೇರಿಸಿ ಕಿರುಚಿದೆ.

ದಾರಿಯಲ್ಲಿ ಪೊಲೀಸನೊಬ್ಬ ಕೈ ಅಡ್ಡ ಹಾಕಿದ. ಮಾವನವರು ಕಿಟಕಿಯಿಂದ ತಲೆ ಹೊರಹಾಕಿ, ಇದು ಗಾಡಿ ಅಲ್ಲ ಸಾಹೇಬ, ಬಂದ್ ಬಿದ್ದ ಸಾಮಾನು ಎಂದು ಮರಾಠಿಯಲ್ಲಿ ವಾದ ಹೂಡಿದರು.

"ಮಗ ಹ್ಯಾ ಸಾಮಾನಾತ ಬಾಈ ಕಶಾಲಾ ಬಸಲೀ?" ಎಂದ ಅವನು. ಹಾಗಾದರೆ ಸಾಮಾನಿನೊಳಗೆ ಹೆಂಗಸು ಯಾಕೆ ಕೂತಿದ್ದಾಳೆ?

ಮಾವನವರು ತಲೆ ಒಳಗೆ ಎಳೆದುಕೊಂಡರು. ನಾನು ಕೊಲ್ಹಾಪುರದ ತಾರೀಖಿನ ಕಾಗದ ತೋರಿಸಿ, ‘ಪರವಾ’ದ ಕತೆಯನ್ನೆಲ್ಲ ಹೇಳಿದೆ. ಅವನು ಟೊಪ್ಪಿಗೆ ತೆಗೆದು ನಗಲು ಶುರುಮಾಡಿದವನು ನಿಲ್ಲಿಸಲೇ ಇಲ್ಲ. ನಗುತ್ತಲೇ ಹೋಗಿರಿ ಎಂದು ಕೈಬೀಸಿದ.

ಪಾಸಿಂಗಿನ ಮೈದಾನದಲ್ಲಿ ಗಾಡಿಗಳ ಸಾಲು. ಶಿರೋಳದ ಕಬ್ಬಿನ ಟ್ರಕ್ಕು, ಕೋವಾಡದ ಗೋಡಂಬಿ ಟೆಂಪೋ, ಎಲ್ಲ ತೊಳೆದು ತಿಕ್ಕಿಸಿಕೊಂಡು ನಿಂತಿದ್ದವು. ಡ್ರೈವರುಗಳ ಮಾತೂ ಒಂದೇ: ಯಾರಿಗೆ ಎಷ್ಟು ಖರ್ಚು ಬಿತ್ತು. ನಮ್ಮ ಸರದಿ ಬಂದಾಗ ಸಾಹೇಬರು ಬಂಪರಿಗೆ ಬೆರಳು ಮುಟ್ಟಿಸಿದರು. ಬೆರಳು ಹಳದಿಯಾಯಿತು. ಹಗ್ಗ ಉಜ್ಜಿ ಅರ್ಧ ಬಣ್ಣ ಮೊದಲೇ ಹೋಗಿತ್ತು, ಉಳಿದ ಅರ್ಧ ಅವರ ಬೆರಳಿಗೆ. ಕರವಸ್ತ್ರಕ್ಕೆ ಒರೆಸಿಕೊಂಡರು. ಓಡಿಸು ಎಂದರು, ಓಡಿಸಿದೆ. ಬ್ರೇಕ್ ಎಂದರು, ಗಾಡಿ ಇದ್ದಲ್ಲೇ ನಿಂತಿತು. ಹೊಸ ಲೈನಿಂಗ್ ಸ್ವಾಮಿ! ಆದರೆ ಬಲಗಡೆಯ ಇಂಡಿಕೇಟರ್ ಮಿಟುಕಲಿಲ್ಲ. ಮಾವನವರು ಓಡಿಬಂದು ಅದಕ್ಕೊಂದು ಗುದ್ದು ಕೊಟ್ಟರು. ಒಮ್ಮೆ ಮಿಟುಕಿತು, ಸತ್ತಿತು.

"ಹೊಸ ಬಲ್ಬ್ ಹಾಕಿಕೊಂಡು ಬನ್ನಿ, ಕಾಯುತ್ತೇನೆ," ಎಂದು ಮರಾಠಿಯಲ್ಲಿ ಹೇಳಿದ ಸಾಹೇಬರು ಮುಂದಿನ ಗಾಡಿಗೆ ಹೋದರು.

ಗೇಟಿನ ಹೊರಗೆ ಬಲ್ಬು ಮಾರುವವನು ಇದ್ದೇ ಇದ್ದ. ಅವನ ದರ ಕೇಳಿ ಜಗಳಕ್ಕೆ ಬಾಯಿ ತೆಗೆದೆ. ಹೊತ್ತಾಯಿತೆಂದು ಬಾಯಿ ಮುಚ್ಚಿ ಕೊಟ್ಟೆ. ಬಲ್ಬು ಹತ್ತಿತು, ನಾವು ಪಾಸಾದೆವು. ಸರ್ಟಿಫಿಕೇಟ್ ಸಂಜೆಗೆ ಮೊಬೈಲಿನಲ್ಲೇ ಬಂತು. ಅಲ್ಲೇ, ಆ ಗಂಡಸರ ನಡುವೆ, ಚಪ್ಪಾಳೆ ತಟ್ಟಿಕೊಂಡೆ. ಬರುವಾಗ ಹಗ್ಗ ಗಾಡಿಯ ಹಿಂಭಾಗದಲ್ಲಿತ್ತು, ಎಂಜಿನ್ ಚಾಲೂ ಇತ್ತು.

ನೇರ ಯಡ್ರಾವಕ್ಕೆ ಹೊಡೆದೆ. ಸಾವ್ಕಾರರು ಮೊಬೈಲನ್ನು ದೂರ ಹಿಡಿದು ಓದಿದರು. "ಆತ ಬಿಡು. ನಾಳಿಂದ ನಿಂದ. ದರಾ ಮಾವಗ ಕೊಡತಿದ್ದದ್ದ."

ಹೂಂ ಎಂದು ತಲೆಯಾಡಿಸಿದ್ದರೆ ಮುಗಿಯುತ್ತಿತ್ತು. ಆದರೆ ಆ ಬಲ್ಬಿನವನು, ಬಣ್ಣದವನು, ದಿನದಿನದ ದಂಡ, ಪಿಕಪ್ಪಿನ ಡೀಸೆಲ್ಲು ಎಲ್ಲ ಒಮ್ಮೆಲೇ ನನ್ನ ನಾಲಿಗೆಗೆ ಬಂದವು.

"ಆ ದರಕ್ಕ ಆಗೂದಿಲ್ರಿ ಸಾವ್ಕಾರ್ರ. ಪಾಸಿಂಗಿನ ಖರ್ಚ ಬಾಡಿಗ್ಯಾಗ ಹಿಡೀಬೇಕ್ರಿ."

"ಪಾಸಿಂಗ್ ನಿನ್ನ ಗಾಡೀದು. ನನಗೇನ ಸಂಬಂಧ?"

"ಪಾಸಿಂಗ್ ಇಲ್ಲದ ಗಾಡಿ ಬ್ಯಾಡ ಅಂದಾವ್ರು ನೀವ ಅಲ್ಲೇನ್ರಿ?"

ಹೊರಗೆ ಆ ಇನ್ನೊಬ್ಬನ ಹೊಸ ಗಾಡಿ ಕಾಣುತ್ತಿತ್ತು. ಇಡೀ ದಿನ ಓಡಿ ಗಳಿಸಿದ್ದನ್ನು ಒಂದೇ ಮಾತಿಗೆ ಕಳೆದೆ ಎನ್ನಿಸಿತು. ಮಾವನವರು ಕೆಮ್ಮಿದರು. ಸಾವ್ಕಾರರು ಅವರತ್ತ ತಿರುಗಿದರು. "ಏನೋಪಾ, ನಿನ್ನ ಸೊಸಿ ಹೀಂಗ ಮಾತಾಡ್ತಾಳ?"

"ಬೀಮಿಗೆ ಎಷ್ಟ ಏರಸಬೇಕಂತಿ?" ಎಂದರು ಸಾವ್ಕಾರರು ನನಗೆ.

ಹೇಳಿದೆ. ಸ್ವಲ್ಪ ಕಡಿಮೆ ಮಾಡಿದರು. ಒಪ್ಪಿದೆ.

"ಮುಂಜಾನೆ ಲಗೂನ ಬಾ" ಎಂದು ಅವರು ತಮ್ಮ ಕೆಲಸಕ್ಕೆ ತಿರುಗಿದರು. ಅಷ್ಟೇ! ಅಷ್ಟು ಸಲೀಸು!

ಮನೆಯ ದಾರಿಯಲ್ಲಿ ಸುಮ್ಮಸುಮ್ಮನೆ ಹಾರ್ನ್ ಹೊಡೆದೆ, ಸಿಕ್ಕವರಿಗೆಲ್ಲ ಕೈಬೀಸಿದೆ, ನಾಳೆಯ ಬೀಮಿನ ಮಾತನ್ನು ಒಂದೇ ಸಮನೆ ಆಡಿದೆ. ಮಾವನವರು ಬೆಳಗಿನಿಂದ ಅಷ್ಟು ಹುರುಪಿನಲ್ಲಿದ್ದವರು, ಈಗ ಮಂಡಿ ತಿಕ್ಕಿಕೊಳ್ಳುತ್ತ ಹೊರಗೆ ನೋಡುತ್ತಿದ್ದರು. ಈ ಗಾಡಿಯ ಪಾಸಿಂಗನ್ನೆಲ್ಲ ಅದುವರೆಗೆ ಮಾಡಿಸಿದವರು ಅವರು. ಪ್ರತಿ ಸಲವೂ ಅದರ ಖರ್ಚಿಗೆ ಅತ್ತೆಯವರು ಎಲ್ಲಿಂದಲೋ ಕೈಸಾಲ ತಂದು ಹೊಂದಿಸುತ್ತಿದ್ದರಂತೆ.

ನಮ್ಮ ಓಣಿ ಬಂತು ಎನ್ನುವಾಗ ಕೇಳಿದರು: "ನಾ ಕೇಳಿದ್ರೂ ಏರಸಿ ಕೊಡತಿದ್ದನೇನವಾ ಸಾವ್ಕಾರ? ಮೊದಲಿಂದನೂ?"

ಕೊಡುತ್ತಿದ್ದರು. ಅದು ನನಗೆ ಗೊತ್ತಿತ್ತು. ಹಾರ್ನಿನಿಂದ ಕೈ ತೆಗೆದು ಗಾಡಿಯನ್ನು ಓಣಿಗೆ ತಿರುಗಿಸಿದೆ.