ಅಕ್ಕೋರ ಕಿವಿ

ತೇಜಸ್ವಿನಿಯ ಕೆಲಸ ಆಟಿಸಂ ಇರುವ ಮಕ್ಕಳ ಮನೆಗೆ ಹೋಗಿ, ಮಕ್ಕಳನ್ನು ಬಿಟ್ಟು ಮನೆಯವರನ್ನು ತಿದ್ದುವುದು. ಸದ್ದು ತಡೆಯಲಾಗದಿದ್ದರೆ ಮಗು ಕಿವಿ ಮುಚ್ಚಿಕೊಳ್ಳಲಿ, ನೆಟ್ಟಗೆ ಕೂರಲಾಗದಿದ್ದರೆ ತೂಗಾಡಲಿ, ಅದು ಹಟವಲ್ಲ ಎಂದು ಅಮೆರಿಕದ ಸಾಂಟಾ ಕ್ಲಾರಾದ ಎಷ್ಟೋ ಅಪ್ಪ ಅಮ್ಮಂದಿರನ್ನು ಒಪ್ಪಿಸಿದ್ದಾಳೆ. ಅವಳಿಗೂ ಸದ್ದು ಆಗಿಬರುವುದಿಲ್ಲ. ಕುರ್ತಾದ ಲೇಬಲ್ಲು ಕತ್ತರಿಸದೆ ತೊಡುವವಳಲ್ಲ. ಕೆಲಸ ಮುಗಿದರೆ ಕಾರಿನ ಗಾಜು ಏರಿಸಿಕೊಂಡು ಸುಮ್ಮನೆ ಕೂತುಬಿಡುತ್ತಾಳೆ. ಆದರೆ ಮಂಡ್ಯದವರ ಮಗಳು. ಇನ್ನೊಬ್ಬರ ಮನೆಯಲ್ಲಿ ಇದು ಬೇಡ, ಅದು ಆಗಲ್ಲ ಎನ್ನಲು ಅವಳಿಗೆ ಬಾಯಿ ಬರುವುದಿಲ್ಲ.

ಆರು ವರ್ಷದ ಐಶ್ವರ್ಯಾಳ ಮನೆಯಲ್ಲಿ ಎಡವಟ್ಟಾದದ್ದು ಇದರಿಂದಲೇ. ಅಪ್ಪ ಅಮ್ಮ ಆಫೀಸಿಗೆ ಹೋದರೆ ಮನೆಯಲ್ಲಿ ಉಳಿಯುವುದು ಧಾರವಾಡದಿಂದ ಬಂದ ಅಜ್ಜಿ ಬಂಗಾರೆವ್ವ. ಅವಳ ಊರಲ್ಲಿ ಶಾಲೆಯ ಟೀಚರಮ್ಮನಿಗೆ ಅಕ್ಕೋರು ಅನ್ನುತ್ತಾರೆ; ತೇಜಸ್ವಿನಿಯೂ ಅಕ್ಕೋರಾದಳು. ಅಕ್ಕೋರನ್ನು ಬರಿಗೈಯಲ್ಲಿ ಕಳಿಸುವುದುಂಟೇ? ಅವಳ ಕಾರು ಕಂಡದ್ದೇ ಅಜ್ಜಿ ಹುರಿದ ಶೇಂಗಾ ಮಿಕ್ಸಿಗೆ ಹಾಕುವಳು. ಅಡುಗೆಮನೆಗೂ ಹಾಲಿಗೂ ನಡುವೆ ಗೋಡೆಯಿಲ್ಲ. ಐಶ್ವರ್ಯಾ ಹೆಡ್‌ಫೋನು ಹಾಕಿಕೊಂಡು ಮೇಜಿನಡಿ ಸೇರುವಳು. ತೇಜಸ್ವಿನಿ ಹಲ್ಲು ಕಚ್ಚಿ ನಗುಮುಖ ಮಾಡಿಕೊಂಡು ಕೂರುವಳು. ಅವಳ ಅಪಾರ್ಟ್‌ಮೆಂಟಿನಲ್ಲಿ ಶೇಂಗಾ ಚಟ್ನಿಪುಡಿ ಒಂದು ಸಂಸಾರಕ್ಕೆ ವರ್ಷಕ್ಕಾಗುವಷ್ಟಿತ್ತು.

ಒಂದು ದಿನ ಅಜ್ಜಿ ಮೇಜಿನಡಿ ಕೈಹಾಕಿ ಹೆಡ್‌ಫೋನು ಕಿತ್ತುಕೊಂಡಳು.

"ಅಕ್ಕೋರನ್ನ ನೋಡು, ಹ್ಯಾಂಗ ಸುಮ್ಮನ ಕುಂತಾರ! ಅವರಿಗೇನು ಕಿವಿ ಇಲ್ಲೇನು? ಇನ್ನ ಮ್ಯಾಲ ನಿನಗ ಇದು ಇಲ್ಲ" ಎಂದು ಅದನ್ನು ಕಪಾಟಿನ ಮೇಲಿಟ್ಟಳು.

"ನೋ ಅಜ್ಜಿ, ಪ್ಲೀಸ್!" ಐಶ್ವರ್ಯಾ ಚೀರಿದಳು. ಮಿಕ್ಸಿ ಶುರುವಾಯಿತು.

ತೇಜಸ್ವಿನಿಗೆ ನಾಚಿಕೆಯಾಯಿತು. ಇಷ್ಟು ದಿನ ಬಾಯಲ್ಲಿ ಹೇಳಿದ್ದು ಒಂದು, ಕೂತು ತೋರಿಸಿದ್ದು ಇನ್ನೊಂದು. ಅಜ್ಜಿ ಕಲಿತದ್ದು ಎರಡನೆಯದನ್ನು. ತೇಜಸ್ವಿನಿ ಎರಡೂ ಕಿವಿ ಬಿಗಿಯಾಗಿ ಮುಚ್ಚಿಕೊಂಡು ಮೇಜಿನಡಿ ಹೋಗಿ ಹುಡುಗಿಯ ಪಕ್ಕ ಕೂತಳು.

ಮಿಕ್ಸಿ ತಟ್ಟನೆ ನಿಂತಿತು.

"ಅಯ್ಯ ನಮ್ಮವ್ವ! ನಿಮಗ ಆಗಂಗಿಲ್ಲೇನ್ರಿ? ಮೊದಲ ಹೇಳಬಾರದೇನ್ರಿ!" ಬಂಗಾರೆವ್ವ ಗಲ್ಲ ಬಡಿದುಕೊಂಡಳು. "ಮನಿಗೆ ಬಂದವರಿಗೆ ಎಷ್ಟ್ ತ್ರಾಸ ಕೊಟ್ನಿ! ಇನ್ನ ನೀವು ಬರೂದ್ರಾಗ ಮಾಡಿ ಇಟ್ಟಿರ್ತೀನಿ."

ತೇಜಸ್ವಿನಿಗೆ ಸಿಟ್ಟೂ ಬಂತು, ಅಳುವೂ ಬಂತು. "ಅಜ್ಜಿ, ಇವಳು ದಿನಾ ಹೇಳ್ತಾನೇ ಇದ್ದಳಲ್ಲ" ಅಂದಳು.

"ಆಕಿ ಮನಿ ಕೂಸಲ್ಲೇನ್ರಿ" ಅಂದಳು ಬಂಗಾರೆವ್ವ. ಅಂದ ಮಾತು ಅವಳ ಕಿವಿಗೂ ಬಿತ್ತು. ಕಪಾಟಿನ ಮೇಲಿಂದ ಹೆಡ್‌ಫೋನು ಇಳಿಸಿ, ಮಂಡಿಯೂರಿ ಮೇಜಿನಡಿ ಬಗ್ಗಿ, ಮೊಮ್ಮಗಳಿಗೆ ಚಾಚಿದಳು. ಐಶ್ವರ್ಯಾ ಅದನ್ನು ತಗೊಂಡಳು, ಅಜ್ಜಿಯ ಕಡೆ ನೋಡಲಿಲ್ಲ.