ಟೀವಿ ಕಮಲಾಕರನ ಅಯಸ್ಕಾಂತ ಚಿಕಿತ್ಸೆ

ಯಲ್ಲಾಪುರದ ಪೇಟೆಯಲ್ಲಿ ಕಮಲಾಕರ ಹೆಗಡೆ ಎಂದರೆ ಯಾರಿಗೂ ತಕ್ಷಣ ಹೊಳೆಯುತ್ತಿರಲಿಲ್ಲ. ಟೀವಿ ಕಮಲಾಕರ ಎಂದರೆ ಮಾಗೋಡಿನ ಕಡೆಯವರೂ ಅಂಗಡಿಯತ್ತ ಕೈ ತೋರಿಸುತ್ತಿದ್ದರು. ಬಣ್ಣದ ಟೀವಿಯ ಪಕ್ಕ ಯಾರೋ ಸ್ಪೀಕರ್ ಇಟ್ಟು, ಅದರೊಳಗಿನ ಅಯಸ್ಕಾಂತದಿಂದ ಪರದೆಯ ಮೂಲೆಗೆ ಹಸಿರು ಕಲೆ ಹಿಡಿದರೆ, ಅವನು ತಂತಿ ಸುತ್ತಿದ ದೊಡ್ಡ ಬಳೆಯಂಥದ್ದನ್ನು ಪರದೆಯ ಮುಂದೆ ಆಡಿಸಿ ಕಲೆ ತೆಗೆಯುತ್ತಿದ್ದ. ಕೈ ಕೆಲಸ ಮಾಡುತ್ತಿದ್ದಷ್ಟು ಹೊತ್ತೂ ಬಾಯ್ತುಂಬ ಮಾತು.

ಎರಡು ಸಾವಿರದ ಐದರ ಸುಮಾರಿಗೆ ಆ ಮಾತು ನಿಂತಿತು. ದುಃಖ ಎನ್ನಲು ಅವನಿಗೆ ದುಃಖವಿರಲಿಲ್ಲ. ಏನೂ ಇರಲಿಲ್ಲ, ಅಷ್ಟೇ. ಉಂಡರೆ ಹೊಟ್ಟೆ ತುಂಬುತ್ತಿತ್ತು, ರುಚಿ ತಿಳಿಯುತ್ತಿರಲಿಲ್ಲ. ಅಪ್ಪ ತೀರಿಕೊಂಡಾಗ ಕಣ್ಣಿಗೆ ನೀರು ಬರಲಿಲ್ಲ. ಕರ್ಮಾಂತರವನ್ನೆಲ್ಲ ಲೋಪವಿಲ್ಲದೆ ಮುಗಿಸಿದ್ದು ನೋಡಿ ನೆಂಟರು ಗಟ್ಟಿ ಮನಸ್ಸಿನವ ಎಂದರು. ಹೆಂಡತಿ ಸೀತಾಗೆ ಮಾತ್ರ ಭಯವಾಯಿತು.

ಶಿರಸಿಯ ಡಾಕ್ಟರರು ಮಾತ್ರೆ ಕೊಟ್ಟರು. ಹುಬ್ಬಳ್ಳಿಯವರು ಬದಲಿಸಿ ಕೊಟ್ಟರು. ಬಾಯಿ ಒಣಗಿತು, ಕೈ ನಡುಗಿ ಬೆಸುಗೆ ಹಾಕುವುದೇ ಕಷ್ಟವಾಯಿತು. ಒಳಗಿನದು ಇದ್ದಲ್ಲೇ ಇತ್ತು. ಕೊನೆಗೆ ಹುಬ್ಬಳ್ಳಿಯವರೇ, ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತಲೆಗೆ ಅಯಸ್ಕಾಂತ ಹಿಡಿದು ಚಿಕಿತ್ಸೆ ಮಾಡುತ್ತಾರೆ, ನೋಡಿ ಎಂದರು.

"ಟೀವಿಗೆ ಹಿಡಿದ್ರೆ ಕಲೆ ಬೀಳ್ತು ಹೇಳ್ತಿದ್ರಲಿ. ತಲೆಗೆ ಹಿಡಿದ್ರೆ ಎಂತ ಆಗ್ತೇನ?" ಎಂದಳು ಸೀತಾ.

"ಆದ್ರೆ ಆಗ್ಲಿ."

ಬೆಂಗಳೂರಿನಲ್ಲಿ ಸೀತಾಳ ಚಿಕ್ಕಮ್ಮನ ಮನೆಯಲ್ಲಿ ಉಳಿದರು. ಆಸ್ಪತ್ರೆಯ ಡಾಕ್ಟರಮ್ಮ ತಲೆಯೊಳಗೆ ಲೋಹದ ಚೂರೇನಾದರೂ ಇದೆಯೇ, ಫಿಟ್ಸ್ ಬಂದಿತ್ತೇ ಎಂದೆಲ್ಲ ವಿಚಾರಿಸಿದಳು. ಕಿವಿಗೆ ಹತ್ತಿ ತುರುಕಿ, ಎಂಟರ ಆಕಾರದ ಚಪ್ಪಟೆ ಸುರುಳಿಯೊಂದನ್ನು ನೆತ್ತಿಯ ಪಕ್ಕಕ್ಕೆ ಇಟ್ಟಳು. ಟಕ್ ಎಂದಿತು. ಕಮಲಾಕರನ ಬಲಗೈ ಹೆಬ್ಬೆರಳು ತಾನಾಗಿ ಹಾರಿತು.

"ನೋಡಿದ್ರಾ? ಬೆರಳನ್ನ ಆಡಿಸೋ ಜಾಗ ಇದು. ಚಿಕಿತ್ಸೆ ಕೊಡೋ ಜಾಗ ಇದಕ್ಕಿಂತ ಸ್ವಲ್ಪ ಮುಂದೆ," ಎಂದಳು ಡಾಕ್ಟರಮ್ಮ.

ಬೇರೆ ಯಾರದೋ ಬೆರಳನ್ನು ನೋಡುವಂತೆ ಅವನು ನೋಡಿದ.

ಆಮೇಲೆ ದಿನವೂ ಅದೇ ಕುರ್ಚಿ, ಅದೇ ಟಕಟಕ. ಹಣೆಯ ಚರ್ಮ ಚುರುಗುಡುತ್ತಿತ್ತು. ಹೊರಗೆ ಬೆಂಚಿನ ಮೇಲೆ ಕಾದಿರುತ್ತಿದ್ದ ಸೀತಾ, "ಎಂತಾರೂ ಅನಿಸ್ತಾ?" ಎಂದು ಕೇಳುತ್ತಿದ್ದಳು. "ಇಲ್ಲೆ," ಎನ್ನುತ್ತಿದ್ದ. ಕೆಲವು ದಿನಗಳಲ್ಲಿ ಅವಳು ಕೇಳುವುದನ್ನು ಬಿಟ್ಟಳು.

ಮೂರನೆಯ ವಾರ ಒಂದು ಸಂಜೆ ಸೀತಾ ಫೋನಿನಲ್ಲಿ ತಮ್ಮನ ಹತ್ತಿರ ಗಂಡನ ಸ್ಥಿತಿಯನ್ನು ವಿವರಿಸುತ್ತಿದ್ದಳು. ಪಕ್ಕದಲ್ಲಿ ಕುಳಿತಿದ್ದ ಕಮಲಾಕರನ ಮೈ ಬಿಸಿಯಾಯಿತು.

"ಊರಿಗೆಲ್ಲಾ ಸಾರ್ತ್ಯನೆ? ಆನು ಇಲ್ಲೇ ಕೂತಿದ್ದಿ, ನಂಗೆ ಕೇಳ್ತು!"

ಸೀತಾಳ ಕೈಯಿಂದ ಫೋನು ಜಾರಿತು. ಚಿಕ್ಕಮ್ಮ ಅಡಿಗೆಮನೆಯಿಂದ ಓಡಿ ಬಂದರು. ಬೈಸಿಕೊಂಡವಳು ಅಳುತ್ತ, "ಇನ್ನೊಂದ್ಸಲ ಬೈರಿ," ಎಂದಳು. ಅಷ್ಟರಲ್ಲಿ ಅವನ ಸಿಟ್ಟು ಇಳಿದಿತ್ತು. ಬಿದ್ದ ಫೋನನ್ನು ಎತ್ತಿಟ್ಟ.

ಊರಿಗೆ ಮರಳಿದ ಮೇಲೆ ಅಂಗಡಿ ತೆರೆದ. ಮಾತ್ರೆ ಕಡಿಮೆಯಾಯಿತು, ಕೈನಡುಕ ನಿಂತಿತು. ಮೊದಲಿನಷ್ಟಲ್ಲದಿದ್ದರೂ ಬಂದವರೊಡನೆ ನಾಲ್ಕು ಮಾತಾಡಿದ. ಅಪ್ಪನ ನೆನಪಾದರೆ ಎದೆಯಲ್ಲಿ ಏನೋ ಅಲ್ಲಾಡಿದಂತಾಗುತ್ತಿತ್ತು. ಅಳು ಬರಲಿಲ್ಲ.

ಮರುವರ್ಷ ಮತ್ತೆ ಎಲ್ಲ ಮಂಕಾಗತೊಡಗಿತು. ಸಾರಿನ ರುಚಿ ಮೊದಲು ಹೋಯಿತು. ಸೀತಾಗೆ ಅದು ತಿಳಿದಿತ್ತು. ಒಂದು ಮಧ್ಯಾಹ್ನ ಊಟದ ನಡುವೆ ಅವನೇ ಹೇಳಿದ:

"ಮತ್ತೊಂದ್ಸಲ ಬೆಂಗ್ಳೂರಿಗೆ ಹೋಪನ."

"ಮನಸ್ಸಿದ್ದಾ?"

"ಮನಸ್ಸಿಲ್ಲೆ. ಆದ್ರೂ ಹೋಪನ."

ಸೀತಾ ಅವನ ಎಲೆಗೆ ಮಜ್ಜಿಗೆ ಬಡಿಸಿದಳು. ಆ ವಾರವೇ ಇಬ್ಬರೂ ಬೆಂಗಳೂರಿಗೆಂದು ಹುಬ್ಬಳ್ಳಿಯ ಬಸ್ಸು ಹತ್ತಿದರು.